ಒಲೆ ಮಲಗಿದ ದಿನ

ಬೆಳಗಿನ ಕಾಲೇಜು ಹನ್ನೊಂದೂವರೆಗೆ ಬಿಡುತ್ತಿತ್ತು. ಆಮೇಲೆ ಅಪ್ಪ ಕೆಲಸ ಮುಗಿಸಿ ಮನೆಗೆ ಬರುವವರೆಗಿನ ಹಗಲೆಲ್ಲ ನನ್ನದು. ಇಂದು ವಡೋದರಾ ಎಂದು ಬರೆಯುವ, ಅಂದು ನಾವೆಲ್ಲ ಬರೋಡಾ ಎನ್ನುತ್ತಿದ್ದ ಊರಿನಲ್ಲಿ, ಅರವತ್ತರ ದಶಕದ ನಡುವಿನ ವರ್ಷಗಳಲ್ಲಿ, ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿನಿಯೊಬ್ಬಳು ಹಗಲನ್ನು ಎಷ್ಟು ಸಂಭ್ರಮದಿಂದ ಕಳೆಯಬಹುದಾಗಿತ್ತು ಎಂಬುದನ್ನು ನೆನೆದರೆ ಈಗಲೂ ನನ್ನ ನಡಿಗೆ ಚುರುಕಾಗುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ತಂತಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಕಂಬ ಹತ್ತಿ ತಂತಿ ಬಿಗಿಯುವ ಕೆಲಸ. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೇ ಅವರು ನೌಕರಿಗೆ ಸೇರಿದ್ದರಿಂದ ವರ್ಗಾವಣೆಯು ನಮ್ಮನ್ನು ಗುಜರಾತಿಗೆ ತಂದು ನಿಲ್ಲಿಸಿತ್ತು. ಮೊದಲು ಸ್ಟೇಷನ್ ಹತ್ತಿರದ ಇಲಾಖೆಯ ವಸತಿಯಲ್ಲಿದ್ದೆವು. ನಾನು ಕಾಲೇಜು ಸೇರಿದ ವರ್ಷ ಹಳೆಯ ಪೇಟೆಯ ಒಂದು ಪೋಳಿಗೆ ಬಂದೆವು. ಪೋಳ ಎಂದರೆ ಒಂದೇ ಹೆಬ್ಬಾಗಿಲಿನ ಓಣಿ. ಒಳಗೆ ಮನೆಗೆ ಮನೆ ಅಂಟಿಕೊಂಡಿರುತ್ತದೆ. ನಮಗೆ ಸಿಕ್ಕಿದ್ದು ಮಹಡಿಯ ಮೇಲಿನ ಒಂದು ಕೋಣೆ. ಅದರಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ ಮತ್ತು ನಾನು.

ಆ ಒಂದು ಕೋಣೆಯಲ್ಲಿ ಓದುವುದು ಸಾಧ್ಯವಿರಲಿಲ್ಲ ಎಂದರೆ ದೂರು ಹೇಳಿದಂತಾದೀತು. ಓದಲು ಕುಳಿತವಳನ್ನು ಯಾರಾದರೂ ಎಬ್ಬಿಸುತ್ತಲೇ ಇದ್ದರು ಎನ್ನುವುದು ಹೆಚ್ಚು ಸರಿ. ಆದ್ದರಿಂದ ನಾನು ಮಧ್ಯಾಹ್ನಗಳನ್ನು ಊರಿನಲ್ಲಿ ಕಳೆಯತೊಡಗಿದೆ. ಗ್ರಂಥಾಲಯದ ವಾಚನಾಲಯದಲ್ಲಿ ಫ್ಯಾನಿನ ಕೆಳಗೆ ಕುಳಿತು ಎಷ್ಟು ಹೊತ್ತು ಓದಿದರೂ ಕೇಳುವವರಿರಲಿಲ್ಲ. ನದಿಯ ಸೇತುವೆಯ ಮೇಲೆ ನಿಂತರೆ ಕೆಸರು ದಂಡೆಯಲ್ಲಿ ಮೊಸಳೆಗಳು ಬಿಸಿಲು ಕಾಯಿಸುವುದನ್ನು ನೋಡಬಹುದಿತ್ತು. ಪೇಟೆಯ ನಡುವೆ ಮೊಸಳೆ! ದೊಡ್ಡ ತೋಟದಲ್ಲಿ ಮರದ ನೆರಳಿಗೆ ಬೆಲೆ ಇರಲಿಲ್ಲ. ಅದರೊಳಗಿನ ವಸ್ತುಸಂಗ್ರಹಾಲಯಕ್ಕೆ ಹೆಸರಿಗಷ್ಟೇ ಶುಲ್ಕ. ಚಿತ್ರಕಲೆಯ ವಿದ್ಯಾರ್ಥಿಗಳು ರಸ್ತೆಯ ಬದಿಗೆ ಕುಳಿತು ಎತ್ತಿನ ಗಾಡಿಗಳನ್ನೂ ಮುದುಕರನ್ನೂ ಬರೆಯುತ್ತಿದ್ದರು. ಬೆನ್ನ ಹಿಂದೆ ನಿಂತು ನೋಡಿದರೆ ಬೈಯುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಸುಖ ಬಾಡಿಗೆ ಸೈಕಲ್. ಒಂದು ತಾಸಿಗೆ ಒಂದು ಸೈಕಲ್ ಹಿಡಿದು ಗೆಳತಿಯೂ ನಾನೂ ಸರದಿಯ ಮೇಲೆ ತುಳಿಯುತ್ತಿದ್ದೆವು. ಆ ಊರಿನಲ್ಲಿ ಹುಡುಗಿಯರು ಸೀರೆಯುಟ್ಟೇ ಸೈಕಲ್ ಹೊಡೆಯುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ನನಗಾದರೋ ಪ್ರತಿ ಸಲವೂ ಲೋಕವೆಲ್ಲ ನನ್ನನ್ನೇ ನೋಡುತ್ತಿರುವಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಆ ಭಯದಲ್ಲಿಯೂ ಸುಖವಿತ್ತು.

ನೋಡುವವರು ನೋಡಿಯೇ ಬಿಟ್ಟರು. ನಮ್ಮ ಸೀಮೆಯಿಂದಲೇ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದಿದ್ದವರ ಮನೆಯಾಕೆ ಒಂದು ದಿನ ಆಯಿಯ ಬಳಿ ಕುಳಿತು, ತೋಟದ ಬಳಿ ನಾನು ಸೈಕಲ್ಲಿನಿಂದ ಇಳಿಯುತ್ತಿದ್ದುದನ್ನು ವರ್ಣಿಸಿದರು. ಅಂದು ಸಂಜೆ ಆಯಿ ಅಪ್ಪನ ಮುಂದೆ ಹೂಡಿದ ನ್ಯಾಯ ನನಗೆ ಅಕ್ಷರಶಃ ನೆನಪಿದೆ.

"ಹುಡಿಗಿ ಊರ ಗೂಳಿ ಹಂಗ ತಿರಗಾಕತ್ತೈತಿ. ಸಾಲಿ ಬಿಟ್ಟ ಮ್ಯಾಲ ಸೀದಾ ಮನಿಗೆ ಬರಬೇಕು. ಆಗೂದಿಲ್ಲ ಅಂದ್ರ ಓದಿದ್ದು ಸಾಕು, ಊರಿಗೆ ಕಳಸು. ನಿನ್ನ ತಂಗಿ ಮನ್ಯಾಗ ಇರ್ಲಿ, ವರಾ ನೋಡೂಣು."

ಅಪ್ಪ ಕಂಬದ ಮೇಲೆ ಎಷ್ಟು ಧೈರ್ಯಸ್ಥರೋ ಕೆಳಗೆ ಅಷ್ಟೇ ಮೃದು. "ಅಕಿ ಅವ್ವ ಏನಂತಾಳ ಕೇಳು" ಎಂದು ಮಾತನ್ನು ಅವ್ವನ ಕಡೆಗೆ ದಾಟಿಸಿದರು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಶ್ರಾವಣ ಮುಗೀಲ್ರಿ ಅತ್ತಿ. ಅಮಾಸಿ ಆದ ಮ್ಯಾಲ ಹೇಳ್ತೀನಿ" ಎಂದಳು.

ಹೀಗೆ ನನ್ನ ಮಧ್ಯಾಹ್ನಗಳೂ, ಅವುಗಳ ಬೆನ್ನಿಗೆ ನನ್ನ ಪದವಿಯೂ, ಅವ್ವನ ಒಂದು ಮಾತಿನ ಮೇಲೆ ನಿಂತವು. ನನ್ನನ್ನು ಹೆದರಿಸಿದ್ದು ಆಯಿಯ ಕೋಪವಲ್ಲ. ಅವ್ವ ಆ ಊರಿನಲ್ಲಿ ಕಾಯಿಪಲ್ಲೆ ಪೇಟೆ, ರೇಷನ್ ಅಂಗಡಿ ಮತ್ತು ಒಂದು ದೇವಸ್ಥಾನದ ಹೊರತು ಏನನ್ನೂ ಕಂಡವಳಲ್ಲ. ನಾನು ವಾಚನಾಲಯ ಎಂದರೆ ಅವಳಿಗೆ ಏನು ಕಾಣಬೇಕು? "ಬಂದು ನೋಡು" ಎಂದು ಕರೆದಾಗಲೆಲ್ಲ ಅವಳ ಉತ್ತರ ಒಂದೇ: "ಒಲಿ ಯಾರ ನೋಡ್ಬೇಕ?" ಬೆಳಗಿನ ಚಹಾ, ಅಪ್ಪನ ಬುತ್ತಿ, ಆಯಿಯ ಸ್ನಾನದ ನೀರು, ಮಧ್ಯಾಹ್ನದ ಅಡಿಗೆ, ಸಂಜೆಯ ಚಹಾ, ರಾತ್ರಿಯ ರೊಟ್ಟಿ. ಅವಳ ಶೇಗಡಿ, ಆ ಇದ್ದಲಿಯ ಒಲೆ, ಆರುತ್ತಿದ್ದುದೇ ಅಪರೂಪ.

ಶ್ರಾವಣದ ಹುಣ್ಣಿಮೆ ಕಳೆದು ಕೃಷ್ಣಪಕ್ಷ ಬಂತು. ಒಂದು ದಿನ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಇಡೀ ಪೋಳ ಎಣ್ಣೆಯ ವಾಸನೆಯಲ್ಲಿ ಮುಳುಗಿತ್ತು. ಮನೆಮನೆಯಲ್ಲಿ ಪೂರಿ, ವಡೆ, ಮೆಂತ್ಯದ ಸೊಪ್ಪು ಹಾಕಿದ ಢೇಬರಾ ರೊಟ್ಟಿಗಳು ರಾಶಿಯಾಗಿ ಬೇಯುತ್ತಿದ್ದವು. ಅವ್ವ ಕಿಟಕಿಯಲ್ಲಿ ನಿಂತು ಬೆರಗಾಗಿ ನೋಡುತ್ತಿದ್ದಳು.

"ನಾಳೆ ಯಾರದರ ಮದಿವಿ ಐತೇನ?"

"ಇರಬಹುದವ್ವ" ಎಂದು ಹೇಳಿ ನಾನು ಪುಸ್ತಕ ತೆರೆದೆ. ಇಲಾಖೆಯ ವಸತಿಯಲ್ಲಿ ಎಲ್ಲರೂ ಹೊರಗಿನವರೇ ಆಗಿದ್ದುದರಿಂದ ಈ ಊರಿನ ಹಬ್ಬಗಳ ಒಳಗುಟ್ಟು ನನಗೂ ತಿಳಿದಿರಲಿಲ್ಲ.

ಮರುದಿನ ಮುಂಜಾನೆ ಅವ್ವ ಎಂದಿನಂತೆ ಶೇಗಡಿಯನ್ನು ಮಹಡಿಯ ಮೊಗಸಾಲೆಯಲ್ಲಿಟ್ಟು ಇದ್ದಲಿಗೆ ಕಿಡಿ ಹಚ್ಚಿದಳು. ಚಹಾದ ನೀರು ಇಟ್ಟು ಸುತ್ತ ನೋಡಿದರೆ ಯಾವ ಮನೆಯಿಂದಲೂ ಹೊಗೆ ಇಲ್ಲ. ಇಡೀ ಪೋಳಿನಲ್ಲಿ ಹೊಗೆಯಾಡುತ್ತಿದ್ದುದು ನಮ್ಮದೊಂದೇ ಮನೆ. ಆ ತಿಂಗಳು ಡಿಪೋಗೆ ಇದ್ದಲಿ ಸರಿಯಾಗಿ ಬಂದಿರಲಿಲ್ಲ. ಹೆಂಗಸರು ಅದನ್ನೇ ಮಾತಾಡುತ್ತಿದ್ದುದನ್ನು ಅವ್ವ ಅರೆಬರೆ ತಿಳಿದುಕೊಂಡಿದ್ದಳು. ಅವಳು ಎರಡಕ್ಕೆ ಎರಡು ಕೂಡಿಸಿದಳು.

"ಪಾಪ, ನಿನ್ನಿ ಅಷ್ಟೆಲ್ಲಾ ಕರದಾರ. ಇದ್ದಲಿ ತೀರಿ ಹೋಗ್ಯಾವ. ಸಣ್ಣ ಹುಡುಗ್ರು, ಮುದುಕ್ರು ಇರೂ ಮನಿ, ಒಂದ ಗುಟುಕು ಚಾ ಇಲ್ಲ."

ನಮ್ಮ ಊರಿನಲ್ಲಿ ಬೆಂಕಿ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕೇಳಲು ನಾಚುವವರಿಗೆ ತಾನಾಗಿ ಒಯ್ದು ಕೊಡುವುದು ಇನ್ನೂ ದೊಡ್ಡ ಗುಣ. ಒಂದು ಕುಳ್ಳಿನ, ಅಂದರೆ ಬೆರಣಿಯ, ತುಂಡಿನ ಮೇಲೆ ಎರಡು ಕೆಂಡ ಇಟ್ಟುಕೊಂಡು ಹೋಗಿ ನೆರೆಮನೆಯ ಒಲೆ ಹೊತ್ತಿಸಿ ಬರುವುದನ್ನು ಅವ್ವ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದವಳು. ಇಲ್ಲಿ ಕುಳ್ಳು ಇರಲಿಲ್ಲ. ಕಬ್ಬಿಣದ ಸೌಟಿನ ತುಂಬ ನಿಗಿನಿಗಿ ಕೆಂಡ ತುಂಬಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಹಡಿಯ ಮೆಟ್ಟಿಲಿಳಿದು ಕೆಳಮನೆಯ ಬಾ ಅವರ ಅಡಿಗೆಮನೆಗೆ ನಡೆದಳು.

ಬಾ ಎಂದರೆ ಅಲ್ಲಿಯ ಮಾತಿನಲ್ಲಿ ತಾಯಿ ಅಥವಾ ಅಜ್ಜಿ. ಅವರು ನನ್ನ ಗೆಳತಿಯ ಅಜ್ಜಿ; ಪೋಳಿನ ಹಿರಿಯ ಹೆಂಗಸು. ಅವರ ಒಲೆಯನ್ನು ಹಿಂದಿನ ಸಂಜೆಯೇ ತೊಳೆದು, ಕುಂಕುಮ ಹಚ್ಚಿ, ಹತ್ತಿಯ ಗಿಡದ ಎಲೆ ಇಟ್ಟು ಪೂಜೆ ಮಾಡಿದ್ದರು. ಅದನ್ನು ಕಂಡು ಅವ್ವನಿಗೆ ಸಂತೋಷವೇ ಆಯಿತಂತೆ. ಪೂಜೆ ಮಾಡಿ ಕುಳಿತಿದ್ದಾರೆ, ಹೊತ್ತಿಸಲು ಮಾತ್ರ ಬೆಂಕಿಯಿಲ್ಲ, ತಾನು ತಕ್ಕ ಹೊತ್ತಿಗೆ ಬಂದೆ! ಬಗ್ಗಿ ಸೌಟನ್ನು ಒಲೆಯ ಬಾಯಿಗೆ ಚಾಚಿದಳು.

"ಊಭಾ ರಹೋ, ಬೇನ್! ಊಭಾ ರಹೋ!"

ನಿಲ್ಲು ತಂಗೀ ಎಂಬ ಆ ಕೂಗಿಗೆ ಮಹಡಿಯ ಮೇಲೆ ಮಲಗಿದ್ದ ನಾನು ಎದ್ದು ಕುಳಿತೆ. ಕೆಳಗಿಳಿದು ಬಂದಾಗ ಕಂಡ ನೋಟ: ಬಾ ಎರಡೂ ಕೈ ಚಾಚಿ ಒಲೆಗೆ ಅಡ್ಡ ನಿಂತಿದ್ದಾರೆ. ಸೊಸೆಯರು ಬಾಗಿಲಲ್ಲಿ ಗುಂಪಾಗಿದ್ದಾರೆ. ನಡುವೆ ಅವ್ವ, ಕೈಯಲ್ಲಿ ಉರಿಯುವ ಸೌಟು ಹಿಡಿದು, ಏನು ತಪ್ಪಾಯಿತೆಂದು ತಿಳಿಯದೆ ಕಲ್ಲಾಗಿದ್ದಾಳೆ.

ಗೆಳತಿ ಒಂದೇ ಉಸಿರಿಗೆ ನನಗೆ ವಿವರಿಸಿದಳು. ಇಂದು ಸಾತಮ್, ಅಂದರೆ ಸಪ್ತಮಿ; ಶೀತಳಾ ಮಾತೆಯ ದಿನ. ಹಿಂದಿನ ರಾತ್ರಿ ದೇವಿ ಮನೆಮನೆಗೂ ಬಂದು ತಣ್ಣಗಾದ ಒಲೆಯಲ್ಲಿ ಹೊರಳಿ ತನ್ನ ಮೈ ತಂಪು ಮಾಡಿಕೊಳ್ಳುತ್ತಾಳೆ. ಇಂದೆಲ್ಲ ಅವಳಿಗೆ ನಿದ್ದೆ. ಯಾರೂ ಬೆಂಕಿ ಹಚ್ಚುವುದಿಲ್ಲ, ಬಿಸಿಯಾದದ್ದನ್ನು ತಿನ್ನುವುದಿಲ್ಲ, ಸ್ನಾನವೂ ತಣ್ಣೀರಿನದೇ. ನಿನ್ನೆಯ ಅಡಿಗೆಯೆಲ್ಲ ಇಂದಿನ ಊಟ. ಒಂದು ಕಿಡಿ ತಾಕಿದರೂ ದೇವಿಯ ಮೈ ಸುಡುತ್ತದೆ.

ನಾನು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅವ್ವ ಸೌಟನ್ನು ಸರಕ್ಕನೆ ಹಿಂದೆಳೆದುಕೊಂಡಳು.

"ಯವ್ವಾ, ಮಲಗಿದ್ದ ದೇವರ ಮ್ಯಾಲ ಕೆಂಡಾ ಸುರೀತಿದ್ನಲ್ಲೇ!"

"ಮೊದಲು ಇದನ್ನು ಹೊರಗೆ ಒಯ್ಯಿ, ಬೇನ್" ಎಂದು ಬಾ ಬೇಡಿಕೊಂಡರು.

ಹೊರಗೆ ಎಂದರೆ ಎಲ್ಲಿ? ಅಂಗಳದಲ್ಲಿ ಇಡುವಂತಿಲ್ಲ, ಸುತ್ತ ಒಲೆಗಳು ಮಲಗಿವೆ. ಪೋಳಿನ ಹೆಬ್ಬಾಗಿಲ ಆಚೆಗೇ ಹೋಗಬೇಕು. ಅವ್ವ ಸೌಟನ್ನು ಮೈಯಿಂದ ದೂರ ಹಿಡಿದು ಹೊರಟಳು. ಹಿಂದೆ ನಾನು, ಗೆಳತಿ, ಬಾ, ಸೊಸೆಯರು. ಮನೆಮನೆಯಿಂದ ಇಣುಕಿದವರೂ ಸೇರಿ ಅದೊಂದು ಮೆರವಣಿಗೆಯೇ ಆಯಿತು. ಹೆಂಗಸರು ಸೆರಗು ಒಳಗೆಳೆದುಕೊಂಡು ದಾರಿ ಬಿಡುತ್ತಿದ್ದರು. ಯಾರೋ ಒಬ್ಬಾಕೆ, "ಮಾತಾಜಿಗೆ ಚಹಾ ಮಾಡಿಕೊಡಲು ಬಂದಿದ್ದಳೇನು?" ಎಂದಳು. ಮೊದಲು ಒಬ್ಬರು ಕಿಸಕ್ಕೆಂದರು, ಮತ್ತೊಬ್ಬರು ಬಾಯಿಗೆ ಸೆರಗು ಹಿಡಿದರು. ಹೆಬ್ಬಾಗಿಲು ತಲುಪುವಷ್ಟರಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹನಿಯಿತು. ಕೆಂಡಗಳು ಚುಂಯ್ ಚುಂಯ್ ಎಂದು ಒಂದೊಂದಾಗಿ ಕಪ್ಪಾದವು. ಮಳೆಯೇ ಕೈಹಿಡಿಯಿತೆಂದು ತಿಳಿದು ಅವ್ವ ಉಸಿರು ಬಿಟ್ಟಳು. ಆಗ ಬಾ ಅವರೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ನಮ್ಮ ಊರಿನ ಕೆಂಡದ ರೂಢಿಯನ್ನು ನಾನು ಗೆಳತಿಗೂ, ಗೆಳತಿ ಬಾ ಅವರಿಗೂ ಹೇಳಿದೆವು. ಬಾ ಅವರು ಅವ್ವನ ಕೆನ್ನೆ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆದರು.

"ಸುಡಲು ಬಂದವಳಲ್ಲ, ಕೊಡಲು ಬಂದವಳು. ಮಾತಾಜಿಗೆ ಅದು ತಿಳಿಯುತ್ತದೆ. ಆದರೆ ಬೇನ್, ನಿನ್ನ ಸಗಡಿಯೂ ಈಗ ಮಲಗಬೇಕು."

ಸಗಡಿ ಎಂಬ ಮಾತು ಅವ್ವನಿಗೆ ಭಾಷಾಂತರವಿಲ್ಲದೆ ತಿಳಿಯಿತು. ನಮ್ಮ ಶೇಗಡಿಯೇ ಅದು. ಮೇಲೆ ಹೋಗಿ ಕುದಿಯುವ ಮುಂಚೆಯೇ ಚಹಾ ಇಳಿಸಿ, ಇದ್ದಲಿಗೆ ನೀರು ಚಿಮುಕಿಸಿದಳು. ಆಯಿ ಆ ಅರೆಬಣ್ಣದ ಚಹಾವನ್ನು ಬಸಿಯಲ್ಲಿ ಸುರಿದುಕೊಂಡು ದಿಟ್ಟಿಸಿ ನೋಡಿದರು.

"ಇದೇನ ಚಾ? ಚಾ ತೊಳದ ನೀರು."

"ಇವತ್ತ ಒಲಿ ಮಲಗೈತ್ರಿ ಅತ್ತಿ."

"ಮತ್ತ ನನ್ನ ನೀರು?"

"ತಣ್ಣೀರ ರೀ. ದೇವಿ ಹುಕುಂ."

ದೇವಿಯ ಹೆಸರು ಬಂದ ಮೇಲೆ ಆಯಿ ಎದುರಾಡಲಿಲ್ಲ. ಗೊಣಗುತ್ತ ತಣ್ಣೀರಿನಲ್ಲೇ ಮಿಂದರು. ನಾಗರಪಂಚಮಿಗೆ ಅವ್ವ ಮಾಡಿಟ್ಟಿದ್ದ ಒಣ ಕಟಕ ರೊಟ್ಟಿಗಳಲ್ಲಿ ಉಳಿದಿದ್ದ ಕೆಲವನ್ನು ಅಪ್ಪ ಶೇಂಗಾ ಚಟ್ನಿಯೊಂದಿಗೆ ಬುತ್ತಿ ಕಟ್ಟಿಕೊಂಡು ಹೋದರು.

ಆಮೇಲೆ ನಾನು ಎಂದೂ ಕಾಣದ ಒಂದು ದೃಶ್ಯ ಕಂಡೆ. ಅವ್ವ ಕೋಣೆಯ ನಡುವೆ ಸುಮ್ಮನೆ ನಿಂತಿದ್ದಳು. ತೊಳೆದಿಟ್ಟ ಪಾತ್ರೆಯೊಂದನ್ನು ಎತ್ತಿಕೊಂಡು ಮತ್ತೆ ತೊಳೆದಳು. ಹಾಸಿಗೆಯ ಮಡಿಕೆ ಬಿಚ್ಚಿ ಮತ್ತೆ ಮಡಿಚಿದಳು. ಕೊನೆಗೆ ನನ್ನ ಕಡೆ ತಿರುಗಿ, "ಈಗ ನಾ ಏನ ಮಾಡ್ಲಿ?" ಎಂದಳು.

ಅಂದು ನನಗೆ ಎರಡು ತರಗತಿಗಳಿದ್ದವು. ಒಂದನ್ನೂ ತಪ್ಪಿಸಿಕೊಂಡವಳಲ್ಲ ನಾನು. ಅಂದು ಮಾತ್ರ ತಪ್ಪಿಸಿದೆ.

"ನಡಿ ಅವ್ವ. ನಾ ದಿನಾ ಎಲ್ಲಿ ಹೋಗ್ತೀನಿ ನೋಡಾಕ ಬಾ. ಒಲಿ ನೋಡೂ ಕೆಲಸಿಲ್ಲ ಇವತ್ತ."

ಅವ್ವ ಆಯಿಯ ಕಡೆ ನೋಡಿದಳು. ಆಯಿ ಬೇಡ ಎನ್ನುವ ಮೊದಲೇ ಕೆಳಗಿನಿಂದ ಬಾ ಕೈಸನ್ನೆ ಮಾಡಿ ಆಯಿಯನ್ನು ತಮ್ಮ ಜಗಲಿಗೆ ಕರೆದರು. ಒಬ್ಬರ ಮಾತು ಮತ್ತೊಬ್ಬರಿಗೆ ಬಾರದ ಇಬ್ಬರು ಮುದುಕಿಯರು ಎಲೆಅಡಿಕೆಯ ಚೀಲ ಬಿಚ್ಚಿ ಕುಳಿತರು. ನಾವು ಹೊರಟೆವು.

ಅಷ್ಟು ಸಡಗರದಿಂದ ನಾನು ಆ ಊರಿನಲ್ಲಿ ಎಂದೂ ನಡೆದಿರಲಿಲ್ಲ. ಆದರೆ ಪರೀಕ್ಷೆಗೆ ಹೊರಟವಳಂತೆ ಲೆಕ್ಕ ಹಾಕುತ್ತಲೂ ಇದ್ದೆ. ಅವ್ವನಿಗೆ ಯಾವುದು ಹಿಡಿಸೀತು, ಯಾವುದು ಕೆಡುಕೆನಿಸೀತು? ಸೇತುವೆಯ ಮೇಲೆ ಅವಳು ಕಟಾಂಜನಕ್ಕೆ ಆತು ನಿಂತಳು. ಮಳೆನೀರಿನ ಕೆಂಪು ಹೊಳೆಯಂಚಿನಲ್ಲಿ ಒಂದು ಮೊಸಳೆ ಬಾಯಿ ತೆರೆದು ಬಿದ್ದಿತ್ತು.

"ಇದು ದಿನಾ ಹಿಂಗ ಬಿದ್ದಿರ್ತೈತೇನ?"

"ಹೂಂ."

"ಯಾರೂ ಏನೂ ಅನ್ನೂದಿಲ್ಲ?"

"ಇಲ್ಲ."

"ಪುಣ್ಯಾ ಮಾಡಿ ಬಂದೈತಿ" ಎಂದು ಅವ್ವ ಮುಂದೆ ನಡೆದಳು.

ವಸ್ತುಸಂಗ್ರಹಾಲಯದಲ್ಲಿ ಅವಳು ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ನಿಂತಳು. ತಲೆಯಿಂದ ಬಾಲದವರೆಗೆ ನಡೆದು, ಮತ್ತೆ ಬಾಲದಿಂದ ತಲೆಯವರೆಗೆ ಬಂದು, "ಇದಕ್ಕ ದಿನಾ ಎಷ್ಟ ಅಡಿಗಿ ಬೇಕಾಗ್ತಿತ್ತೇ!" ಎಂದು ನಿಟ್ಟುಸಿರು ಬಿಟ್ಟಳು. ಕಾವಲುಗಾರ ಏಕೆ ನಗುತ್ತೀರೆಂದು ನನ್ನನ್ನು ಕೇಳಿದ. ನನಗೆ ಗುಜರಾತಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ.

ಹೊರಗೆ ಬಂದರೆ ತೋಟದ ತುಂಬ ಹೆಂಗಸರು. ಹಾದಿಯ ಎರಡೂ ಕಡೆ, ಮರದ ಬುಡದಲ್ಲಿ, ವಾದ್ಯಮಂಟಪದ ಮೆಟ್ಟಿಲ ಮೇಲೆ, ಒದ್ದೆ ಹುಲ್ಲಿಗೆ ಚಾಪೆ ಹಾಸಿಕೊಂಡು ಕುಳಿತಿದ್ದಾರೆ. ಡಬ್ಬಿಗಳನ್ನು ಬಿಚ್ಚಿದ್ದಾರೆ. ಇಡೀ ಊರಿನ ಒಲೆಗಳು ಒಂದೇ ದಿನ ಮಲಗಿದರೆ ಇಡೀ ಊರಿನ ಹೆಂಗಸರು ಒಂದೇ ದಿನ ಎದ್ದು ಹೊರಗೆ ಬರುತ್ತಾರೆ ಎಂಬುದು ಆಗ ನನಗೆ ಹೊಳೆಯಿತು. ಅವ್ವ ಅಲ್ಲೇ ನಿಂತುಬಿಟ್ಟಳು.

"ಇಷ್ಟ ಹೆಂಗಸ್ರು! ಹಗಲ ಹೊತ್ತಿನ್ಯಾಗ!"

ನಮ್ಮ ಪೋಳಿನವರು ಒಂದು ಬೇವಿನ ಮರದ ಕೆಳಗಿದ್ದರು. ಗೆಳತಿ ಎದ್ದು ಬಂದು, "ಮಾಸಿ, ಇಲ್ಲಿ ಬನ್ನಿ" ಎಂದು ಸ್ವಂತ ಚಿಕ್ಕಮ್ಮನನ್ನು ಕರೆದಂತೆ ಕರೆದು ಅವ್ವನನ್ನು ಎಳೆದುಕೊಂಡು ಹೋದಳು. ಆ ಹೊತ್ತಿಗೆ ಕೆಂಡದ ಕಥೆ ತೋಟದ ಅರ್ಧ ತಿರುಗಿ ಬಂದಿತ್ತು. ಯಾರೋ ಅವ್ವನಿಗೆ ತಣ್ಣಗಿನ ಢೇಬರಾ, ಮೊಸರು ಕೊಟ್ಟರು. ಅವ್ವ ನಾಚುತ್ತಲೇ ಮನೆಯಿಂದ ಕಟ್ಟಿ ತಂದಿದ್ದ ಗಂಟು ಬಿಚ್ಚಿ ಕಟಕ ರೊಟ್ಟಿಯನ್ನು ಮುರಿದಳು. ಅದರ ಸದ್ದಿಗೆ ಸುತ್ತಲಿನವರು ತಿರುಗಿದರು. ಎರಡು ವಾರದ ಹಿಂದೆ ಮಾಡಿದ್ದು ಎಂದು ತಿಳಿದಾಗ ಕೆನ್ನೆಗೆ ಕೈ ಹಚ್ಚಿದರು.

"ನಾವು ಒಂದು ದಿನ ಮೊದಲು ಮಾಡಿ ವ್ರತ ಎನ್ನುತ್ತೇವೆ. ಈಕೆ ಎರಡು ವಾರ ಮೊದಲೇ ಮಾಡಿಟ್ಟಿದ್ದಾಳೆ!" ಎಂದು ಒಬ್ಬಾಕೆ ಸಾರಿದಳು. ಶೇಂಗಾ ಚಟ್ನಿ ಕೈಯಿಂದ ಕೈಗೆ ಹೋಗಿ ಮುಗಿದೇ ಹೋಯಿತು. ಬೆಳಿಗ್ಗೆ ಕಲ್ಲಾಗಿ ನಿಂತಿದ್ದ ಅವ್ವ ಈಗ ವಿಜಾಪುರದ ಓಣಿಯ ಹಿಂದಿಯಲ್ಲಿ ಹಿಟ್ಟು ನಾದುವ ವಿಧಾನವನ್ನು ಕೈಯಾಡಿಸಿ ಹೇಳುತ್ತಿದ್ದಳು.

ಊಟವಾದ ಮೇಲೆ ನಾನು ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ನಮ್ಮ ಕಾಲೇಜಿಗೆ ಒಂದು ಮಹಾ ಗುಮ್ಮಟವಿದೆ. ನಮ್ಮ ವಿಜಾಪುರದ ಗೋಲಗುಮ್ಮಟವನ್ನು ನೋಡಿಯೇ ಅದನ್ನು ಕಟ್ಟಿದರೆಂದು ಅಧ್ಯಾಪಕರು ಹೇಳುತ್ತಿದ್ದರು. ಅವ್ವ ದೂರದಿಂದಲೇ ಅದನ್ನು ಕಂಡು, ಬಸ್ಸಿನಲ್ಲಿ ಊರಿನವರನ್ನು ಕಂಡವಳಂತೆ, "ಅಯ್ಯ, ನಮ್ಮ ಗುಮ್ಮಟ!" ಎಂದಳು. ಹೆಜ್ಜೆ ದೊಡ್ಡದಾಯಿತು. ಗುಮ್ಮಟದ ಕೆಳಗಿನ ಹಜಾರ ಅಂದು ಖಾಲಿ. ಆ ನೆಲದ ಮೇಲೆ ನಾನು ಯಾವಾಗಲೂ ಸದ್ದಾಗದಂತೆ ನಡೆಯುತ್ತಿದ್ದೆ. ಇಲ್ಲಿ ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು ಎಂಬುದನ್ನು ಬಲ್ಲವರ ನಡುವೆ ಅರಿಯದವಳಾಗಿ ಕಾಣಬಾರದು ಎಂಬುದೇ ನನ್ನ ಹಗಲಿರುಳಿನ ಎಚ್ಚರ.

ಅವ್ವ ನಟ್ಟನಡುವೆ ನಿಂತು ಮೇಲೆ ನೋಡಿ, ಎರಡೂ ಕೈ ಎತ್ತಿ, ಜೋರಾಗಿ ಒಂದು ಚಪ್ಪಾಳೆ ಹೊಡೆದಳು.

ಗುಮ್ಮಟದ ಕೆಳಗೆ ನಿಂತ ವಿಜಾಪುರದವರು ಬೇರೆ ಏನು ಮಾಡಿಯಾರು? ಅಲ್ಲಿ ಏಳು ಸಲ ಮರುದನಿ ಬರುತ್ತದೆ. ಇಲ್ಲಿ ಒಂದು ಸಲ ಮಂದವಾಗಿ ಮೊಳಗಿ ಸುಮ್ಮನಾಯಿತು. ಅವ್ವ ಕಿವಿಗೊಟ್ಟು ಕಾದಳು. ಮತ್ತೆ ಹೊಡೆದಳು. ಕಾರಿಡಾರಿನಿಂದ ಖಾಕಿಯ ಜವಾನ ಓಡಿ ಬಂದ. ನಾನು ಒಪ್ಪವಾದ ಹಿಂದಿಯಲ್ಲಿ ಕ್ಷಮೆ ಕೇಳಲು ವಾಕ್ಯ ಕೂಡಿಸುತ್ತಿದ್ದೆ. ಅಷ್ಟರಲ್ಲಿ ಅವ್ವನೇ ಅವನನ್ನು ಕೇಳಿದಳು.

"ಭಾಯಿ, ಯೇ ಏಕೀಚ್ ಬಾರ್ ಬೋಲ್ತಾ ಕ್ಯಾ? ಹಮಾರಾ ಸಾತ್ ಬಾರ್ ಬೋಲ್ತಾ."

ಜವಾನ ಅವಳನ್ನು ನೋಡಿದ, ಗುಮ್ಮಟವನ್ನು ನೋಡಿದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ಅತ್ತಿತ್ತ ನೋಡಿ ತಾನೂ ಒಂದು ಚಪ್ಪಾಳೆ ಹೊಡೆದ. ಕೇಳಿದ. "ಏಕ್ ಹೀ ಬಾರ್" ಎಂದು ತಪ್ಪು ತನ್ನದೇ ಎಂಬಂತೆ ಒಪ್ಪಿಕೊಂಡ. ನಾನು ನಕ್ಕೆ. ಆ ಹಜಾರದಲ್ಲಿ ನನ್ನ ನಗೆ ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅದೇ ಮೊದಲು.

ಕೊನೆಗೆ ಉಳಿದದ್ದು ವಾಚನಾಲಯ. ನಾನು ಅದನ್ನು ಬೇಕೆಂದೇ ಕೊನೆಗಿಟ್ಟಿದ್ದೆ. ಮೊಸಳೆ ಇರಲಿಲ್ಲ, ತಿಮಿಂಗಿಲ ಇರಲಿಲ್ಲ. ತೋರಿಸಲು ಅಲ್ಲಿ ಏನೂ ಇರಲಿಲ್ಲ. ಉದ್ದನೆಯ ಮೇಜುಗಳು, ತಲೆ ತಗ್ಗಿಸಿ ಕುಳಿತವರು, ತಿರುಗುವ ಫ್ಯಾನುಗಳು. ಹೆಂಗಸರ ಮೇಜು ಕಿಟಕಿಯ ಪಕ್ಕದಲ್ಲಿತ್ತು.

"ಇದು ನನ್ನ ಜಾಗಾ" ಎಂದು ಪಿಸುಗುಟ್ಟಿದೆ.

ಅವ್ವ ಆ ಕುರ್ಚಿಯನ್ನು ನೋಡಿದಳು. ಬೆನ್ನಿಗೆ ಕೈಯಾಡಿಸಿದಳು. ಮೆಲ್ಲನೆ ಕುಳಿತಳು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟಳು. ಅವಳ ಮುಂದೆ ನಾನು ಒಂದು ಸಚಿತ್ರ ಪತ್ರಿಕೆ ತಂದಿಟ್ಟೆ. ಅವಳು ಅದನ್ನು ತೆರೆಯಲಿಲ್ಲ. ಹೊರಗೆ ಮಳೆ ಬಂದು ನಿಂತಿತು. ಪಕ್ಕದ ಹುಡುಗಿಯೊಬ್ಬಳು ಬಂದಳು, ಓದಿದಳು, ಎದ್ದು ಹೋದಳು. ಅವ್ವ ಕಿಟಕಿಯ ಕಡೆ ನೋಡುತ್ತ ಕುಳಿತೇ ಇದ್ದಳು. ಬಹಳ ಹೊತ್ತಿನ ಮೇಲೆ ನನ್ನ ಕಡೆ ಬಾಗಿ, ನನಗೂ ಕಷ್ಟದಿಂದ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಇಲ್ಲಿ ಕುಂತ್ರ ಯಾರೂ ಎಬ್ಬಸೂದಿಲ್ಲೇನ?"

"ಇಲ್ಲವ್ವ. ಮುಚ್ಚೂ ತನಕ ಯಾರೂ ಎಬ್ಬಸೂದಿಲ್ಲ."

ಅವ್ವ ತಲೆಯಾಡಿಸಿ ಮತ್ತೆ ಕಿಟಕಿಗೆ ತಿರುಗಿದಳು. ನಾನು ಪುಸ್ತಕ ತೆರೆದಿಟ್ಟುಕೊಂಡಿದ್ದೆ. ಒಂದು ಸಾಲನ್ನೂ ಓದಲಿಲ್ಲ.

ಸಂಜೆ ಮನೆಗೆ ಬಂದಾಗ ಆಯಿ ಇನ್ನೂ ಬಾ ಅವರ ಜಗಲಿಯಲ್ಲೇ ಇದ್ದರು. ಇಬ್ಬರ ತುಟಿಯೂ ಕೆಂಪು. ಇಡೀ ದಿನ ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, "ಸೊಸ್ತೇರ ಸುದ್ದಿ. ಅದಕ್ಯಾಕ ಬೇಕ ಭಾಷಾ?" ಎಂದರು. ಅಪ್ಪ ಬಂದು ಕೈಕಾಲು ತೊಳೆದು ಕುಳಿತರು. ತಣ್ಣಗಿನ ಊಟಕ್ಕೆ ಕುಳಿತಾಗ ಆಯಿ ವಿಚಾರಣೆ ಶುರುಮಾಡಿದರು.

"ಕಂಡ್ಯಾ ಮತ್ತ? ಎಲ್ಲೆಲ್ಲಿ ತಿರಗತಾಳ ನಿನ್ನ ಮಗಳು?"

ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು. ಅವ್ವ ಕಾಯಲಿಲ್ಲ.

"ಅಕಿ ತಿರಗೂದಿಲ್ರಿ ಅತ್ತಿ. ಅಕಿ ಕುಂದರತಾಳ."

"ಕುಂದರಾಕ ಅಷ್ಟ ದೂರ ಹೋಗಬೇಕ? ಇಲ್ಲಿ ನೆಲಾ ಇಲ್ಲೇನ?"

"ಐತ್ರಿ. ಆದ್ರ ಇಲ್ಲಿ ಕುಂತ್ರ ನೀವು ಎಬ್ಬಸ್ತೀರಿ, ನಾನೂ ಎಬ್ಬಸ್ತೀನಿ. ಅಲ್ಲಿ ಯಾರೂ ಎಬ್ಬಸೂದಿಲ್ಲ. ಅಕಿ ಓದ್ಲಿ. ಸಂಜಿ ತನಕ ಅಕಿ ಹೊತ್ತು ಅಕೀದು."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅವ್ವ ಆಯಿಗೆ ಅಷ್ಟು ಉದ್ದದ ಮಾತು ಹೇಳಿದ್ದನ್ನು ನಾವಿಬ್ಬರೂ ಕೇಳಿರಲಿಲ್ಲ. ಆಯಿ ಸ್ವಲ್ಪ ಹೊತ್ತು ಮೊಸರಿನಲ್ಲಿ ಬೆರಳಾಡಿಸಿದರು.

"ಮತ್ತ ಸೈಕಲ್ಲು?"

ಅದನ್ನು ಅಂದು ನಾನು ತೋರಿಸಿರಲಿಲ್ಲ.

"ಸೈಕಲ್ ಮ್ಯಾಲಾದ್ರೂ ಕುಂತ ಇರ್ತಾಳಲ್ರಿ" ಎಂದಳು ಅವ್ವ.

ಅಪ್ಪನಿಗೆ ನೆತ್ತಿಗೇರಿ ಕೆಮ್ಮು ಬಂತು. ಆಯಿ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ವರ ನೋಡುವ ಮಾತು ಆ ರಾತ್ರಿ ಯಾರ ಬಾಯಿಂದಲೂ ಬರಲಿಲ್ಲ. ನಾನು ಪದವಿ ಮುಗಿಸುವವರೆಗೂ ಬರಲಿಲ್ಲ.

ಆ ಸಾತಮ್ ಬಂದದ್ದು ಗುರುವಾರ. ಮುಂದಿನ ಗುರುವಾರ ಅವ್ವ ಬೆಳಿಗ್ಗೆಯೇ ಎರಡು ಹೊತ್ತಿನ ರೊಟ್ಟಿ ಬಡಿದಿಟ್ಟು, ಮಧ್ಯಾಹ್ನಕ್ಕೆ ಮುಂಚೆ ಶೇಗಡಿಗೆ ನೀರು ಚಿಮುಕಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ವಾರಕ್ಕೊಂದು ಸಾತಮ್ ಬರತೊಡಗಿತು. ನಾನು ಕಾಲೇಜಿನಿಂದ ವಾಚನಾಲಯಕ್ಕೆ ಬರುವಷ್ಟರಲ್ಲಿ ಅವ್ವ ಕಿಟಕಿಯ ಪಕ್ಕದ ಕುರ್ಚಿಯಲ್ಲಿರುತ್ತಿದ್ದಳು. ನಾನು ಅವಳ ಎದುರಿಗೆ ಬೇರೆ ಕುರ್ಚಿ ಹುಡುಕಿಕೊಂಡೆ. ಪತ್ರಿಕೆ ತೆರೆಯುವುದನ್ನು ಅವಳು ಮೂರನೆಯ ಗುರುವಾರ ಆರಂಭಿಸಿದಳು. ಒಂದು ಭಾನುವಾರ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಅಹಮದಾಬಾದಿಗೆ ಹೋಗಿ, ಸಾಬರಮತಿಯ ಒಣಮರಳಿನ ಮೇಲೆ ಕೂಡುವ ಸಂತೆಯಲ್ಲಿ ಹಳೆಯ ಪುಸ್ತಕಗಳನ್ನು ಕೆದಕಿ ಬಂದೆವು. ಚಳಿಗಾಲದಲ್ಲಿ ಸೂರತ್ತಿಗೆ ಹೋದಾಗ ತಾಪಿಯ ದಂಡೆಯಲ್ಲಿ ಎಳೆಯ ಜೋಳದ ತೆನೆ ಸುಟ್ಟು ಬಡಿದು ಮಾರುತ್ತಿದ್ದರು. ಅವರು ಅದನ್ನು ಪೋಂಕ್ ಎನ್ನುತ್ತಿದ್ದರು. ಅವ್ವ ನೂರು ಹೆಜ್ಜೆ ದೂರದಿಂದಲೇ ವಾಸನೆ ಹಿಡಿದು, "ಸೀತನಿ! ಸೀತನಿ ಸುಡಾಕತ್ತಾರ!" ಎಂದು ನನ್ನ ಕೈಬಿಟ್ಟು ಓಡಿದಳು.

ಆದರೆ ಇವೆಲ್ಲಕ್ಕೆ ಮೊದಲು, ಆ ಸಾತಮ್ ಕಳೆದು ಎರಡನೆಯ ಗುರುವಾರವೇ ಇರಬೇಕು, ಅವ್ವ ಶೇಗಡಿ ಆರಿಸಿ ಸೀರೆ ಬದಲಿಸುತ್ತಿದ್ದಳು. ಆಯಿ ಬಾಗಿಲಲ್ಲಿ ಕೋಲು ಹಿಡಿದು, ತಲೆಗೆ ಸೆರಗು ಹೊದ್ದು ನಿಂತಿದ್ದರಂತೆ.

"ಎಲ್ಲಿಗ್ರಿ ಅತ್ತಿ?"

"ಆ ಗುಮ್ಮಟ ಒಂದ ಸಲ ಮಾತಾಡ್ತೈತಿ ಅಂದೆಲ್ಲ, ನನಗ ನಂಬಿಕಿ ಇಲ್ಲ" ಎಂದರು ಆಯಿ. "ನಿನಗ ಚಪ್ಪಾಳಿ ಹೊಡಿಯಾಕ ಬರೂದಿಲ್ಲ."